ಮೂರರ ಅರ್ಧ ಒಂದೂ ಇಪ್ಪತ್ತು

0.10

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎಂದು ಬೆಳಗಿನಿಂದ ಕೂತಿದ್ದೇನೆ, ಓದುಗರೇ. ಮೊದಲು ಹೀಗೆ ಬರೆದಿದ್ದೆ: ‘ಸಂಶಿ ಊರಿನ ಅಂಚಿನ ಹಳೇ ಮೆಣಸಿನಕಾಯಿ ಗೋದಾಮಿನಲ್ಲಿ ಜ್ಞಾನದ ದೀಪವೊಂದು ಬೆಳಗುತ್ತಿತ್ತು.’ ಓದಿಕೊಂಡು ನನಗೇ ನಾಚಿಕೆಯಾಯಿತು, ದೀಪವನ್ನು ಹೊಡೆದುಹಾಕಿದೆ. ಗೋದಾಮು ಇರಲಿ. ಮೆಣಸಿನಕಾಯಿ ಖಾಲಿಯಾಗಿ ಹತ್ತು ವರ್ಷವಾದರೂ ಹೊಸಬರು ಒಳಗೆ ಬಂದರೆ ಸೀನುತ್ತಾರೆ.

ಅಲ್ಲೀಗ ಏಳೇ ಮಕ್ಕಳ ಶಾಲೆ. ದೊಡ್ಡ ಶಾಲೆಗಳಲ್ಲಿ ‘ಇದಕ್ಕ ಗಣಿತ ಹತ್ತೂದಿಲ್ಲ’ ಅನ್ನಿಸಿಕೊಂಡು ಬಂದವರು. ಕಲಿಸುವವಳು ರೋಹಿಣಿ, ತಾನೂ ಒಮ್ಮೆ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ, ಆಮೇಲೆ ಹಟಕ್ಕೆ ಬಿದ್ದು ತಾನೇ ಕಲಿತವಳು.

0.20

ಅವಳ ಶಾಲೆಗೆ ಒಂದೇ ನಿಯಮ. ಕೆಂಪು ಪೆನ್ನು ಎತ್ತುವ ಮೊದಲು ‘ಹೆಂಗ ಮಾಡಿದಿ, ಹೇಳು’ ಎಂದು ಮಗುವನ್ನು ಕೇಳಬೇಕು. ಕಳೆದ ಗುರುವಾರ ರೋಹಿಣಿ ಕೇಳಲಿಲ್ಲ. ಬಸ್ಸಿಗೆ ತಡವಾಗಿತ್ತು.

(“ಬಸ್ಸಿನ ನೆವಾ ಹೇಳಬ್ಯಾಡ್ರಿ. ಮರತೆ, ಅಷ್ಟ,” ಎಂದಳು ರೋಹಿಣಿ. ಸರಿ, ಬಸ್ಸನ್ನು ತೆಗೆದಿದ್ದೇನೆ.)

ಏಳನೇ ಇಯತ್ತೆಯ ಮಂಜುಳಾಳ ದಶಮಾಂಶದ ಟೆಸ್ಟ್ ಹೀಗಿತ್ತು:

1.25 + 2.30 = 4.15. ಗೀಟು.
2.5 ಮತ್ತು 2.20ರಲ್ಲಿ ದೊಡ್ಡದು ಯಾವುದು? 2.20. ಗೀಟು.
3ರ ಅರ್ಧ? 1.20. ಗೀಟು.

ಹತ್ತು ಲೆಕ್ಕ, ಹತ್ತು ಕೆಂಪು ಗೀಟು. ಟೆಸ್ಟ್ ಬರೆದ ಪಟ್ಟಿ ಮನೆಗೆ ಹೋಯಿತು. ಅಪ್ಪ ಮಾಳಪ್ಪನಿಗೆ ಅಕ್ಷರ ಅಷ್ಟಕ್ಕಷ್ಟೇ, ಆದರೆ ಕೆಂಪು ಬಣ್ಣ ಓದಲು ಬರುತ್ತದೆ. “ಸೋಮವಾರದಿಂದ ಕುರಿ ಹಿಂದ ಬಾ. ಅಲ್ಲಿ ಯಾರೂ ಗೀಟು ಎಳಿಯೂದಿಲ್ಲ,” ಎಂದ.

(ಮೊದಲ ಡ್ರಾಫ್ಟಿನಲ್ಲಿ ಮಾಳಪ್ಪನಿಗೆ ದಪ್ಪ ಮೀಸೆ ಇಟ್ಟು, ಮನೆ ಹಾರುವಂತೆ ಕೂಗಾಡಿಸಿದ್ದೆ. ಆತ ಒಪ್ಪಲಿಲ್ಲ. “ನಾ ಯಾವಾಗ ಒದರೀನ್ರಿ? ಹುಡುಗಿ ಅಳೂದು ನೋಡಲಾರದ ಹೇಳೀನಿ.” ಮೀಸೆ ವಾಪಸ್ ಪಡೆದೆ.)

0.30

ಶನಿವಾರ ಮಂಜುಳಾಳನ್ನೂ ಅವಳ ಚೀಲವನ್ನೂ ಒಯ್ಯಲು ಮಾಳಪ್ಪ ಬೈಕಿನಲ್ಲಿ ಬಂದ. ಹಿಂದೆ ಅವನ ತಾಯಿ ಕೆಂಚವ್ವ. ಇಳಿದು ಒಳಗೆ ಬಂದವಳೇ ಮೂರು ಸಲ ಸೀನಿ, ರೋಹಿಣಿಗೆ ಹೇಳಿದಳು:

“ಅಕ್ಕೋರ, ಗೀಟು ಹಾಕಾಕ ನಿಮಗ ಕೈಯರ ಹೆಂಗ ಬಂತ್ರಿ? ನಮ್ಮ ಹೊಲದ ಉತಾರ ಇಕೀನ ಓದಿ ಹೇಳ್ತಾಳ. ಒಂದ್ ಗುಂಟೆ ತಪ್ಪಿಲ್ಲ ಈತನಕ.”

ರೋಹಿಣಿ ಪಟ್ಟಿ ತೆರೆದಳು. ಎರಡು ದಿನ ತಡವಾಗಿ ಕೇಳಿದಳು: “ಮಂಜುಳಾ, ಹೆಂಗ ಮಾಡಿದಿ, ಹೇಳವ್ವ.”

“ಇಪ್ಪತ್ತೈದಕ್ಕ ಮೂವತ್ತು ಕೂಡಿದ್ರ ಐವತ್ತೈದು ಗುಂಟೆ ಆತ್ರಿ. ನಲವತ್ತಕ್ಕ ಒಂದ್ ಎಕರೆ. ಹದಿನೈದು ಉಳಿತು.”

ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಎಕರೆ ಬರೆದು, ಚುಕ್ಕಿ ಇಟ್ಟು, ಗುಂಟೆ ಬರೆಯುತ್ತಾರೆ. ಅಜ್ಜಿಯ ಬಾಜು ಕೂತು ಮಂಜುಳಾ ಆ ಚುಕ್ಕಿಯನ್ನು ಕಲಿತದ್ದು ಗಣಿತದ ಪುಸ್ತಕ ಕೈಗೆ ಬರುವ ಮೊದಲೇ. ರೋಹಿಣಿ ಬೆರಳಿಟ್ಟು ಒಂದೊಂದೇ ಲೆಕ್ಕ ನೋಡಿದಳು. ಗುಂಟೆಯಲ್ಲಿ ಹತ್ತಕ್ಕೆ ಹತ್ತೂ ಸರಿ.

“ಮಾಳಪ್ಪಣ್ಣ, ಮೂರ್ ಎಕರೆದಾಗ ಅರ್ಧ ಎಷ್ಟ್ರಿ?”

“ಒಂದೂ ಇಪ್ಪತ್ತು.” ಹೇಳಿ ಮುಗಿಸಿದ ಮೇಲೆ ಮಾಳಪ್ಪ ಪಟ್ಟಿಯ ಕಡೆ ನೋಡಿದ.

“ಹಂಗಾರ ನಿನಗೂ ಒಂದ್ ಗೀಟು ಬಿತ್ತು, ಮಾಳ್ಯಾ,” ಎಂದಳು ಕೆಂಚವ್ವ.

ಕೆಂಪು ಶಾಯಿ ಅಳಿಸಲು ಬರುವುದಿಲ್ಲ. ರೋಹಿಣಿ ಪ್ರತಿ ಗೀಟಿನ ಪಕ್ಕ ‘ಗುಂಟೆಯಲ್ಲಿ ಸರಿ’ ಎಂದು ಬರೆದಳು, ಒಟ್ಟು ಹತ್ತು ಸಲ. “ತಪ್ಪು ನಂದು. ಎಂಟು ವರ್ಷ ಆತು ಈ ಚುಕ್ಕಿ ಕಲಿಸಾಕ ಹತ್ತಿ. ಅದರ ಹಿಂದ ನಲವತ್ತು ನಿಂತಿರಬಹುದು ಅಂತ ನನಗ ಯಾರೂ ಹೇಳಿರಲಿಲ್ಲ. ನೀ ಕಲಿಸಿದಿ. ಉಪಕಾರ ಆತವ್ವ.”

(ಇಲ್ಲಿ ಚಪ್ಪಾಳೆ ಹಾಕಿಸೋಣ ಅಂದುಕೊಂಡಿದ್ದೆ. ಆದರೆ ನನಗೆ ನನ್ನ ಐದನೇ ಇಯತ್ತೆಯ ಕೆಂಪು ಗೀಟಿನ ಪಟ್ಟಿ ನೆನಪಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಇವಳನ್ನು ಕೇಳಿದರಲ್ಲ, ಅಷ್ಟು ಸಾಕು.)

ಮಂಜುಳಾ ಮಾತ್ರ ಬಿಡಲಿಲ್ಲ. “ಹಂಗಾದ್ರ ಪುಸ್ತಕದ ಚುಕ್ಕಿ ಹಿಂದ ಎಷ್ಟ್ ಅದಾವ್ರಿ?”

“ಹತ್ತು.”

“ನಲವತ್ತು ಬಿಟ್ಟು ಹತ್ತ ಯಾಕ್ರಿ?”

ರೋಹಿಣಿ ಮಾಳಪ್ಪನ ಮುಖ ನೋಡಿ ಹೇಳಿದಳು: “ಅದನ್ನ ಹೇಳಾಕ ಸೋಮವಾರ ಬೇಕು.”

0.35

ಅಂತ್ಯಗಳು ಬೇಕೇ? ಇವೆ. ಒಂದರಲ್ಲಿ ಮಂಜುಳಾ ದೊಡ್ಡವಳಾಗಿ ಗಣಿತದ ಪ್ರೊಫೆಸರ್ ಆಗುತ್ತಾಳೆ. (“ಆ ಮ್ಯಾಡಮ್ ಯಾರ್ರಿ? ನನಗ ಗುರ್ತಿಲ್ಲ,” ಎಂದಳು ಮಂಜುಳಾ. ಹರಿದೆ.) ಇನ್ನೊಂದರಲ್ಲಿ ಮಾಳಪ್ಪ ಕುರಿ ಬಿಟ್ಟು ತಾನೇ ಬಂದು ಶಾಲೆಯ ಚಾಪೆಯ ಮೇಲೆ ಕೂರುತ್ತಾನೆ. ಕೆಂಚವ್ವನಿಗೆ ಅದು ಇಷ್ಟವಾಗಿ, “ನನ್ನೂ ಕೂಡ್ರಸ್ರಿ. ಬಾಗಿಲ ಹಂತ್ಯಾಕ, ಸೀನು ಬರತಾವ,” ಎಂದಳು. ಮೂರನೆಯದು ಬರೆಯಲು ಕೈ ಬರಲಿಲ್ಲ. ಅದರಲ್ಲಿ ಸೋಮವಾರ ಆರೇ ಮಕ್ಕಳಿದ್ದರು.

0.39

ನಡೆದದ್ದು ಇಷ್ಟು. ಮಾಳಪ್ಪ ಬೈಕ್ ಚಾಲೂ ಮಾಡಿದ. ಅಜ್ಜಿ, ಮೊಮ್ಮಗಳು ಹಿಂದೆ ಹತ್ತಿದರು. ಒಯ್ಯಲು ಬಂದಿದ್ದ ಚೀಲ ರೋಹಿಣಿಯ ಮೇಜಿನ ಮೇಲೇ ಉಳಿಯಿತು. ಮರೆತನೋ, ಬಿಟ್ಟುಹೋದನೋ?

ಬರೆದುಬಿಡುವುದು ನನಗೆ ಸುಲಭ. ಆದರೆ ಕೊನೆಯ ಗೀಟು ಎಳೆಯುವ ಮೊದಲು ಮಾಳಪ್ಪನನ್ನು ಕೇಳಬೇಕಲ್ಲ. ಇವತ್ತು ಭಾನುವಾರ, ಆತ ಕುರಿಗಳ ಹಿಂದೆ ಇದ್ದಾನೆ.

ಅದಕ್ಕೇ ಈ ಭಾಗಕ್ಕೆ 0.39 ಅನ್ನುವ ನಂಬರು. ಪುಸ್ತಕದ ಲೆಕ್ಕದಲ್ಲಿ ಕಥೆ ಇನ್ನೂ ಅರ್ಧವೂ ಆಗಿಲ್ಲ. ಮಂಜುಳಾಳ ಲೆಕ್ಕದಲ್ಲಿ ಒಂದೇ ಒಂದು ಗುಂಟೆ ಬಾಕಿ.