ಹಾದಿಬದಿಯ ಕಸದ ಗುಂಡಿ

ನನ್ನ ಮನೆ ನನ್ನ ಹಿತ್ತಲನ್ನು ತಿಂದು ಎದ್ದು ನಿಂತಿತು.

ಬ್ಲಾಂಟೈರ್ ಪಟ್ಟಣದಲ್ಲಿ ಗಂಡನ ಜೊತೆಗಿನ ಬದುಕು ಮುಗಿದು ತಾಯಿಯ ಊರಿಗೆ ಮರಳಿದಾಗ, ಅಕ್ಕ ಎನೆಲೆಸಿ ತನ್ನ ಮನೆಯಿಂದ ಕೂಗಳತೆಯ ಜಾಗವೊಂದನ್ನು ತೋರಿಸಿ, "ಎಲೂಬೆ, ಇದು ನಿಂದು. ಕಟ್ಕೋ" ಅಂದಳು. ನಮ್ಮಲ್ಲಿ ನೆಲ ಹೆಣ್ಣುಮಕ್ಕಳದು. ಗಂಡಸು ಎಲ್ಲಿಂದಲೋ ಬಂದು ಇರುವವನು. ಗಂಡನ ಹಿಂದೆ ಪಟ್ಟಣಕ್ಕೆ ಹೋದ ನಾನೇ ರೂಢಿ ತಪ್ಪಿದವಳು. ತಮ್ಮಂದಿರು ಇಟ್ಟಿಗೆ ಹಾಕಲು ಬಂದು ಮಣ್ಣು ಎಲ್ಲಿ ತೆಗೆಯೋಣ ಎಂದಾಗ, ದೂರದಿಂದ ಹೊರುವುದು ಬೇಡವೆಂದು ಪಕ್ಕದಲ್ಲೇ ಬೆರಳು ಮಾಡಿದೆ. ಮೇಲಿನ ಕಪ್ಪು ಮಣ್ಣು ಇಟ್ಟಿಗೆಗೂಡಿಗೆ ಮೆತ್ತಲು ಹೋಯಿತು, ಅದರಡಿಯದು ಇಟ್ಟಿಗೆಯಾಯಿತು. ಮನೆ ಚೆನ್ನಾಗಿಯೇ ಬಂತು. ಪಕ್ಕದಲ್ಲಿ ಉಳಿದದ್ದು ಮಳೆಗೆ ಮೇಣದಂತೆ ಅಂಟುವ, ಬಿಸಿಲಿಗೆ ಮಡಕೆಯಂತೆ ಬಿರಿಯುವ ಕೆಂಪು ನೆಲ. ಮೊದಲ ಮಳೆಗಾಲದಲ್ಲಿ ಬಿತ್ತಿದ ಸಾಸಿವೆ ಸೊಪ್ಪು ಹೆಬ್ಬೆರಳುದ್ದ ಬೆಳೆದು, ಹಳದಿಯಾಗಿ, ಅಲ್ಲಿಗೇ ಕೂತುಬಿಟ್ಟಿತು. ಗೋಡೆ ಸವರಿದಾಗಲೆಲ್ಲ ನನ್ನ ಸೊಪ್ಪಿನ ಮಡಿಯನ್ನೇ ಯಾರೋ ಎತ್ತಿ ನಿಲ್ಲಿಸಿದ್ದಾರೆ ಅನ್ನಿಸುತ್ತಿತ್ತು.

ಮೆಕ್ಕೆಜೋಳದ ಹಿಟ್ಟು ನನಗಿತ್ತು. ನ್ಸಿಮಾ ಮುದ್ದೆ ತಿರುವಿಕೊಳ್ಳಲು ಯಾರ ಹಂಗೂ ಬೇಕಿರಲಿಲ್ಲ. ಆದರೆ ಮುದ್ದೆಗೆ ನಂಚಿಕೊಳ್ಳಲು ತನ್ನದೇ ಸೊಪ್ಪಿಲ್ಲದವಳನ್ನು ನಮ್ಮಲ್ಲಿ ಮನೆಯೊಡತಿ ಎನ್ನುವುದಿಲ್ಲ, ನೆಂಟಳು ಎನ್ನುತ್ತಾರೆ. ಪ್ರತಿ ಸಂಜೆ ಅಕ್ಕ ಮುಚ್ಚಿದ ತಟ್ಟೆ ಹಿಡಿದು ಬರುತ್ತಿದ್ದಳು.

"ತಗೋ, ಕುಂಬಳದ ಸೊಪ್ಪು. ಕಡಲೆಕಾಯಿ ಪುಡಿ ಜಾಸ್ತಿ ಹಾಕಿದೀನಿ. ನಿಂಗೆ ಪಟ್ಟಣದ ಎಣ್ಣೆ ರುಚಿ ಅಭ್ಯಾಸ, ಹಿಡಿಸುತ್ತೋ ಇಲ್ವೋ."

"ಹಿಡಿಸುತ್ತೆ ಅಕ್ಕ."

"ಹಿಡಿಸ್ದೆ ಏನ್ಮಾಡ್ತೀಯ," ಎಂದು ನಗುತ್ತಿದ್ದಳು.

ಆ ನಗುವಿನಲ್ಲಿ ಕೆಡುಕಿರಲಿಲ್ಲ. ಇದ್ದಿದ್ದರೆ ತುತ್ತು ಇಳಿಯುವುದು ಸುಲಭವಾಗುತ್ತಿತ್ತು.

ಮತ್ತೆ ಅಕ್ಟೋಬರ್ ಬಂತು. ಮುಲಾಂಜೆ ಬೆಟ್ಟ ಕಾಡುಬೆಂಕಿಯ ಹೊಗೆಯಲ್ಲಿ ಮಸುಕಾಯಿತು. ಮಳೆ ಬರುವುದರೊಳಗೆ ಆ ಕೆಂಪು ನೆಲದ ಹೊಟ್ಟೆಗೆ ಏನಾದರೂ ಹಾಕದಿದ್ದರೆ ಇನ್ನೊಂದು ವರ್ಷ ಅಕ್ಕನ ತಟ್ಟೆಯೇ ಗತಿ. ಚೀಲದ ಗೊಬ್ಬರ ನನ್ನಂಥವಳ ಕೈಗೆಟುಕುವುದಿಲ್ಲ. ಕೊಳೆಯುವಂಥದು ಏನು ಸಿಕ್ಕಿದರೂ ಸರಿ ಎಂದು ಊರೊಳಗೆ ಕೇಳಿಕೊಂಡು ಹೊರಟೆ. ಕೊಳೆಯುವುದಕ್ಕೂ ಒಡೆಯರಿರುತ್ತಾರೆ ಎಂದು ತಿಳಿದದ್ದು ಆಗಲೇ.

ಪಕ್ಕದ ಮನೆಯ ಲಿಗಿನೆಟ್ ಮೇಕೆಗಳನ್ನು ಅಟ್ಟಣಿಗೆಯ ಮೇಲೆ ಕೂಡುತ್ತಾಳೆ. ಕೆಳಗೆ ಹಿಕ್ಕೆಯ ರಾಶಿ.

"ಹಿಕ್ಕೆ ಮಾತ್ರ ಕೇಳ್ಬೇಡ ಎಲೂಬೆ. ಹಾಲು ಬೇಕಾದ್ರೆ ಕೇಳು," ಅಂದಳು.

"ನಿನ್ನ ಮೇಕೆ ಹಾಲೇ ಕೊಡಲ್ವಲ್ಲೇ."

"ಅದಕ್ಕೇ ಧಾರಾಳವಾಗಿ ಹೇಳ್ತಿರೋದು."

ಜೋಳದ ದಂಟು ದನಗಳ ಪಾಲು. ಹೆಂಡದ ಗಸಿ ಹಂದಿಗಳ ಪಾಲು. ತೌಡು ಹೊಸ ಬೆಳೆಗೆ ಮುಂಚಿನ ಜನವರಿಯ ಹಸಿವಿಗೆಂದು ಮನುಷ್ಯರೇ ಎತ್ತಿಟ್ಟುಕೊಂಡದ್ದು. ಯಾರೂ ಎತ್ತಿಡದೆ ಬಿಟ್ಟದ್ದು ಒಂದೇ ಒಂದು. ಬೆಳಕು ಹರಿಯುತ್ತಿದ್ದಂತೆ ಊರಿನ ಹೆಂಗಸರೆಲ್ಲ ಸೊಂಟ ಬಗ್ಗಿಸಿ ಅಂಗಳ ಗುಡಿಸುತ್ತಾರೆ, ಒಂದು ಎಲೆಯೂ ಉಳಿಯದಂತೆ, ಮಣ್ಣಿನ ಮೇಲೆ ಪೊರಕೆಯ ಗೀರು ಮಾತ್ರ ಕಾಣುವಂತೆ. ಮಾವಿನೆಲೆ, ಕಡಲೆಕಾಯಿ ಸಿಪ್ಪೆ, ಮರಗೆಣಸಿನ ಸಿಪ್ಪೆ, ಕೋಳಿ ಹಿಕ್ಕೆ, ಒಲೆಯ ಬೂದಿ, ಎಲ್ಲ ಒಂದು ಮೂಲೆ ಸೇರಿ ರಾಶಿಯಾಗುತ್ತವೆ. ಆಮೇಲೆ ಬೆಂಕಿ. ನಮ್ಮ ಊರಿನ ಬೆಳಗು ಎಂದರೆ ಆ ಹೊಗೆಯ ವಾಸನೆ. ನನಗೆ ಅದರಲ್ಲಿ ನನ್ನ ಮುಂದಿನ ವರ್ಷದ ಸೊಪ್ಪು ಸುಟ್ಟ ವಾಸನೆ ಬರತೊಡಗಿತು.

ಒಂದು ಬೆಳಿಗ್ಗೆ ಬುಟ್ಟಿ ತೆಗೆದುಕೊಂಡು ಹೋಗಿ, ಲಿಗಿನೆಟ್ ಬೆಂಕಿ ತರಲು ಒಳಗೆ ಹೋದ ಹೊತ್ತಿನಲ್ಲಿ ಅವಳ ರಾಶಿಯನ್ನು ನನ್ನ ಹಿತ್ತಲಲ್ಲಿ ತೋಡಿದ್ದ ಗುಂಡಿಗೆಂದು ತುಂಬಿಕೊಂಡು ಬಂದೆ. ಕೇಳಬೇಕು ಎಂದು ಹೊಳೆಯಲೇ ಇಲ್ಲ. ಸುಡುವುದನ್ನು ಯಾರು ಕೇಳಿ ಒಯ್ಯುತ್ತಾರೆ? ದಾರಿಯಲ್ಲಿ ನಂಗೋಜೊ ಅಜ್ಜಿ ಕೋಲೂರಿಕೊಂಡು ಬರುತ್ತಿದ್ದವಳು ಬುಟ್ಟಿಯೊಳಗೆ ಇಣುಕಿ ನೋಡಿದಳು. ಏನೂ ಹೇಳಲಿಲ್ಲ. ಬಾಯಿ ತೆಗೆದರೆ ಮುಚ್ಚದ ಅಜ್ಜಿ ಅದು.

ಮರುದಿನ ಕೈಪಂಪಿನ ಹತ್ತಿರ ನನಗೆ ಜಾಗ ಬೇಗನೆ ಸಿಕ್ಕಿತು. ಎಲ್ಲರೂ ಕೊಡ ಹಿಂದಕ್ಕೆ ಸರಿಸಿಕೊಂಡಿದ್ದರು.

ಸಂಜೆ ಅಕ್ಕ ತಟ್ಟೆ ತಂದವಳು ಕೂರಲಿಲ್ಲ.

"ಲಿಗಿನೆಟ್ ಅಂಗಳದ ಕಸ ತಂದೆಯಂತೆ?"

"ಹ್ಞೂಂ. ಗುಂಡಿಗೆ ಹಾಕಿ ಕೊಳೆಸೋಕೆ."

"ಅವಳ ಮಗೂಗೆ ಜ್ವರ."

"ಅಯ್ಯೋ. ಯಾವಾಗಿಂದ?"

"ನೀನು ತಂದ ದಿನದಿಂದ." ಅಕ್ಕ ನನ್ನ ಮುಖ ನೋಡದೆ ಹೇಳಿದಳು. "ಅಂಗಳದ ಕಸದಲ್ಲಿ ಮಗುವಿನ ಹೆಜ್ಜೆಮಣ್ಣು ಇರುತ್ತೆ. ಜಡೆ ಹಾಕುವಾಗ ಉದುರಿದ ಕೂದಲು ಇರುತ್ತೆ, ಉಗುರು ಇರುತ್ತೆ. ಅದನ್ನ ಬೇರೆ ಮನೆಯವಳು ಕದ್ದು ಒಯ್ಯೋದು ಯಾತಕ್ಕೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಪಟ್ಟಣದಲ್ಲಿ ಇದ್ದು ಇದ್ದು ಅಷ್ಟೂ ಮರೆತೆಯಾ?"

"ನೀನೂ ನಂಬ್ತೀಯಾ ಅಕ್ಕ?"

"ನಾನು ನಂಬೋದು ಬಿಡೋದು ಇರ್ಲಿ. ತಿನ್ನು, ಆರಿಹೋಗುತ್ತೆ."

ಕಸವನ್ನು ಬುಟ್ಟಿಗೆ ತುಂಬಿ ಲಿಗಿನೆಟ್ ಬಾಗಿಲಿಗೆ ಹೊತ್ತೊಯ್ದೆ. ಅವಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊಸ್ತಿಲಲ್ಲೇ ನಿಂತಳು. ಬುಟ್ಟಿ ಮುಟ್ಟಲಿಲ್ಲ. "ಅಲ್ಲೇ ಸುರಿದು ಹೋಗು," ಅಂದಳು. ನಾನು ಅಂಗಳ ದಾಟುವ ಮೊದಲೇ ಅದಕ್ಕೆ ಬೆಂಕಿ ಬಿದ್ದಿತ್ತು.

ಸಿಟ್ಟು ಬಂತು. ಆದರೆ ಮನೆಯ ಮುಂದೆ ಕೂತು ಯೋಚಿಸಿದಷ್ಟೂ ಸಿಟ್ಟು ಇಳಿಯಿತು. ನನಗೆ ನನ್ನ ಪಟ್ಟಣದ ಅಂಗಳ ನೆನಪಾಯಿತು. ಮದುವೆಯಾದಾಗಿನಿಂದ ದಿನವೂ ಗುಡಿಸಿದ ಅಂಗಳ ಅದು. ಆ ಮನೆ ಬಿಟ್ಟು ಬಂದ ದಿನವೂ ಗುಡಿಸಿಯೇ ಬಂದೆ. ಗಂಟು ಮೂಟೆ ಹೊರಗಿಟ್ಟು, ಬಾಗಿಲಿನಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಬೇಲಿಯವರೆಗೂ ಗುಡಿಸಿದೆ. ಗಂಡ ಎದ್ದು ಬಂದಾಗ ನನ್ನ ಒಂದು ಹೆಜ್ಜೆಯ ಗುರುತೂ ಅಲ್ಲಿ ಇರಬಾರದು ಎಂದು. ಆ ಕಸವನ್ನು ಅಲ್ಲಿ ಬಿಡಲಿಲ್ಲ. ಪೊಟ್ಟಣ ಕಟ್ಟಿ ತಂದು ದಾರಿಯ ಹೊಳೆಗೆ ಹಾಕಿದೆ. ಯಾರು ಕಲಿಸಿದ್ದರು ನನಗೆ? ನಾನೇನೂ ಮರೆತಿರಲಿಲ್ಲ. ನನ್ನ ಹೆಜ್ಜೆಮಣ್ಣಿಗೆ ಇದ್ದ ಬೆಲೆ ಲಿಗಿನೆಟ್‌ಳ ಮಗುವಿನದಕ್ಕೂ ಇದೆ ಎಂಬುದಷ್ಟೇ ಹೊಳೆದಿರಲಿಲ್ಲ.

ಹೆಂಗಸು ತನ್ನ ಕಸವನ್ನು ತನ್ನ ಕೈಯಾರೆ ಹಾಕಬೇಕು. ಹಾಕಿದ್ದು ಮುಚ್ಚುಮರೆಯಿಲ್ಲದೆ ಎಲ್ಲರ ಕಣ್ಣೆದುರು ಇರಬೇಕು. ಹಾಗಾದರೆ ಹಿತ್ತಲಿನ ಗುಂಡಿ ಕೆಲಸಕ್ಕೆ ಬರುವುದಿಲ್ಲ.

ಮರುದಿನ ಮನೆಯ ಮುಂದೆ, ಹೆಂಗಸರು ಕೈಪಂಪಿಗೆ ಹೋಗುವ ಹಾದಿಗೆ ತಗುಲಿದಂತೆ ಹೊಸ ಗುಂಡಿ ತೋಡತೊಡಗಿದೆ. ನೆಲ ಗುದ್ದಲಿಯನ್ನು ಹಿಂದಕ್ಕೆ ಎಸೆಯುತ್ತಿತ್ತು. ಮನೆಯೆದುರು ಕಸದ ಗುಂಡಿ ಇಟ್ಟುಕೊಂಡವಳು ಎಂಬ ಹೆಸರು ನಮ್ಮ ವಂಶದಲ್ಲಿ ಯಾರೂ ಪಡೆದಿರಲಿಲ್ಲ. ಗುಂಡಿ ಮೊಣಕಾಲುದ್ದ ಆದ ಮೇಲೆ ಅದರ ಅಂಚಿನಲ್ಲಿ ಚಾಪೆ ಹಾಸಿಕೊಂಡು, ಹೆಂಗಸರು ನೀರಿಗೆ ಹೋಗುವ ಹೊತ್ತಿಗೆ ಸರಿಯಾಗಿ, ಜಡೆ ಬಿಚ್ಚಿ ಬಾಚತೊಡಗಿದೆ. ಉದುರಿದ ಕೂದಲನ್ನು ಎಲ್ಲರಿಗೂ ಕಾಣುವಂತೆ ಗುಂಡಿಗೆ ಹಾಕಿದೆ. ಅದರ ಮೇಲೆ ನನ್ನ ಅಂಗಳದ ಕಸ.

"ನೀರಿಗೆ ಹೋಗೋ ದಾರೀಲೇ ಇದೆ," ಎಂದೆ, ಯಾರನ್ನೂ ನೋಡದೆ. "ಹಾಕ್ಬೇಕು ಅನ್ನಿಸಿದೋರು ನಿಮ್ಮ ಕೈಯಾರೆ ಹಾಕಿ. ನಾನು ಯಾರ ಅಂಗಳಕ್ಕೂ ಬರಲ್ಲ. ನನ್ನ ಕೂದಲೂ ಇಲ್ಲೇ ಇದೆ, ಬೇಕಾದೋರು ಒಯ್ಯಬಹುದು."

ಲಿಗಿನೆಟ್ ಕೊಡ ಹೊತ್ತು ಹಾಗೇ ದಾಟಿಹೋದಳು. ಉಳಿದವರೂ ಹೋದರು. ಹಿಂದೆ ಉಳಿದದ್ದು ನಂಗೋಜೊ ಅಜ್ಜಿ. ಬಗ್ಗಿ ಗುಂಡಿಯೊಳಗೆ ನೋಡಿದಳು.

"ನಿನ್ನ ಕೂದಲು ಯಾರಿಗೆ ಬೇಕೇ? ಅರ್ಧ ಬೆಳ್ಳಗಾಗಿದೆ. ಮಾಟ ಮಾಡಿದ್ರೂ ಅರ್ಧಾನೇ ಹತ್ತುತ್ತೆ."

ನಾನು ನಕ್ಕೆ. ಎಷ್ಟೋ ದಿನದ ಮೇಲೆ.

ಮಾರನೆಯ ಬೆಳಿಗ್ಗೆ ಅಜ್ಜಿ ಮುರುಕು ಮೊರದಲ್ಲಿ ಕಸ ತಂದು ಗುಂಡಿಗೆ ಸುರಿದಳು. "ಕಾಡಿಗೆ ಹೋಗೋ ಕಾಲು ನಂದು. ಇದರ ಹೆಜ್ಜೆ ಇಟ್ಕೊಂಡು ಯಾರು ಏನ್ಮಾಡ್ತಾರೆ," ಅಂದಳು. ನಮ್ಮ ಗೋರಿಗಳಿರುವುದು ಊರಾಚೆಯ ಕಾಡಿನಲ್ಲಿ. ಅಜ್ಜಿಗೆ ಏನೂ ಆಗಲಿಲ್ಲ, ಬದಲಿಗೆ ಆ ವಾರ ಅವಳ ಕೆಮ್ಮು ಬಿಟ್ಟಿತು. ಅದಕ್ಕೂ ನನ್ನ ಗುಂಡಿಗೂ ಏನು ಸಂಬಂಧ? ಆದರೆ ಅಜ್ಜಿ ಊರೆಲ್ಲ ಸಾರಿಕೊಂಡು ಬಂದಳು. ಒಬ್ಬೊಬ್ಬರಾಗಿ ಮೊರಗಳು ಬರತೊಡಗಿದವು. ಲಿಗಿನೆಟ್‌ಳ ಮಗು ಆಸ್ಪತ್ರೆಯ ಔಷಧಿಯಿಂದ ಚೇತರಿಸಿಕೊಂಡಿತು. ಒಂದು ದಿನ ಅವಳು ಕಸದ ಜೊತೆಗೆ ಒಂದು ಹಿಡಿ ಹಿಕ್ಕೆಯನ್ನೂ ಹಾಕಿ, "ಕಸದಲ್ಲಿ ಸೇರಿಬಿಟ್ಟಿತ್ತು," ಎಂದು ಗೊಣಗಿದಳು.

ಬಾರದೆ ಉಳಿದದ್ದು ಅಕ್ಕ ಒಬ್ಬಳೇ. ಊರಿನಲ್ಲೇ ದೊಡ್ಡ ಮಾವಿನಮರ ಅವಳ ಅಂಗಳದಲ್ಲಿದೆ. ದಿನವೂ ಅಲ್ಲಿಂದ ಹೊಗೆ ಏಳುತ್ತಿತ್ತು. ಸಂಜೆ ತಟ್ಟೆ ಬರುತ್ತಿತ್ತು.

"ನಿನ್ನ ಎಲೆ ಯಾಕೆ ಸುಡ್ತೀಯ ಅಕ್ಕ?" ಎಂದು ಕೇಳಿಯೇಬಿಟ್ಟೆ. "ಇನ್ನೂ ಹೆದರಿಕೇನಾ?"

"ನಿನಗೆ ನಾನು ಹೆದರ್ತೀನಾ? ನಿನ್ನ ಸಿಂಬಳ ಒರೆಸಿದೋಳು ನಾನು."

"ಮತ್ತೆ?"

"ನಿಂಗೆ ಯಾಕೆ ಸೊಪ್ಪಿನ ಚಿಂತೆ? ನಾನು ತರ್ತಿಲ್ವಾ ದಿನಾ? ಒಂದು ದಿನ ತಪ್ಪಿಸಿದೀನಾ?"

ಅವಳನ್ನು ನೋಡಿದೆ. ಭಾವ ಸತ್ತು ವರ್ಷಗಳಾಗಿದ್ದವು. ಹೆಣ್ಣುಮಕ್ಕಳು ಅದೇ ಊರಿನಲ್ಲಿ ಬೇರೆ ಒಲೆ ಹೂಡಿದ್ದರು, ಅವರವರ ಹಿತ್ತಲಲ್ಲಿ ಸೊಪ್ಪು ತುಂಬಿತ್ತು. ತಟ್ಟೆ ಹಿಡಿದು ಹೋಗಲು ಅವಳಿಗೆ ಇದ್ದ ಮನೆ ನನ್ನದೊಂದೇ. ಇಡೀ ವರ್ಷ ಆ ತಟ್ಟೆಯಲ್ಲಿ ನನ್ನ ಬಡತನವನ್ನೇ ನೋಡುತ್ತಿದ್ದೆ. ಅದನ್ನು ಹಿಡಿದ ಕೈ ನೋಡಿರಲಿಲ್ಲ.

"ತಪ್ಪಿಸಿಲ್ಲ," ಎಂದೆ. "ಒಂದು ದಿನಾನೂ ತಪ್ಪಿಸಿಲ್ಲ."

ಅವಳು ತಟ್ಟೆ ಎತ್ತಿಕೊಂಡು ಹೋದಳು. ಎರಡು ಬೆಳಗು ಎಂದಿನಂತೆ ಹೊಗೆ ಎದ್ದಿತು. ಆಮೇಲೆ ಒಂದು ದಿನ ಆ ಕಡೆಯ ಆಕಾಶ ತಿಳಿಯಾಗಿತ್ತು. ಅಕ್ಕ ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು ಬಂದು, ಗುಂಡಿಗೆ ಸುರಿದು, ಬುಟ್ಟಿಯ ತಳ ತಟ್ಟಿ ಹೋದಳು.

ನವೆಂಬರಿನ ಕೊನೆಗೆ ಮಳೆ ಬಿತ್ತು. ಗುಂಡಿಯೊಳಗಿನದು ಅಷ್ಟರಲ್ಲಿ ಕುಸಿದು, ಕಪ್ಪಾಗಿ, ಬಿಸಿಯಾಗಿ, ಕೈಗೆ ಮೆತ್ತಗೆ ಹತ್ತುತ್ತಿತ್ತು. ಅದನ್ನು ಪಕ್ಕದ ಕೆಂಪು ನೆಲಕ್ಕೆ ಬೆರೆಸಿ ಸಾಸಿವೆ ಬಿತ್ತಿದೆ. ಒಮ್ಮೆಗೇ ಆಗುವ ಕೆಲಸವಲ್ಲ ಅದು. ಅರ್ಧ ಮಡಿ ಹಸಿರಾಯಿತು, ಅರ್ಧ ಇನ್ನೂ ಮುನಿಸಿಕೊಂಡೇ ಇತ್ತು. ಆದರೆ ಅಂಚಿನಲ್ಲಿ ನಾನು ಹಾಕದ ಕುಂಬಳದ ಬಳ್ಳಿಯೊಂದು ಎದ್ದು, ಬಿಳಿ ಚುಕ್ಕೆಯ ಎಲೆಗಳನ್ನು ಹರಡಿ ಹಾದಿಯ ಕಡೆ ಕೈಚಾಚಿತು.

ಅಕ್ಕ ಸಂಜೆ ಬಂದವಳು ಅದನ್ನು ಕಂಡು ನಿಂತಳು. ಎಲೆ ತಿರುಗಿಸಿ ನೋಡಿದಳು.

"ಇದು ನನ್ನ ಬೀಜ ಕಣೇ. ಊರಲ್ಲಿ ಚುಕ್ಕೆ ಕುಂಬಳ ಇರೋದು ನನ್ನತ್ರ ಮಾತ್ರ. ಕೊನೆಗೂ ಕದ್ದೆ."

"ನೀನೇ ಕೈಯಾರೆ ಸುರಿದದ್ದು. ಊರೇ ನೋಡಿದೆ."

ಅವಳು ಬಳ್ಳಿಯ ಮೇಲೆಯೇ ಕಣ್ಣಿಟ್ಟು, ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಹಾಗಾದ್ರೆ ನಾಳೆಯಿಂದ ಇದು ತರೋದು ಬೇಡ ಅನ್ನು."

"ತಟ್ಟೆ ತಾ," ಎಂದೆ. "ಖಾಲಿ ತಾ."

ಮರುದಿನ ಸಂಜೆ ಅವಳು ಖಾಲಿ ತಟ್ಟೆ ಹಿಡಿದು ಬಂದು ನನ್ನ ಚಾಪೆಯ ಮೇಲೆ ಕಾಲು ಚಾಚಿ ಕೂತಳು. ಎಳೆ ಕುಂಬಳದೆಲೆಯ ನಾರು ತೆಗೆದು, ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ್ದೆ. ನ್ಸಿಮಾ ಮುರಿದು, ಸೊಪ್ಪು ಸೇರಿಸಿ, ಬಾಯಿಗಿಟ್ಟು, ಬಹಳ ಹೊತ್ತು ಅಗಿದಳು.

"ಉಪ್ಪು ಕಮ್ಮಿ," ಅಂದು ಮತ್ತೆ ತಟ್ಟೆ ಮುಂದೆ ಹಿಡಿದಳು.