ಕಸದಲ್ಲಿ ಸಿಕ್ಕ ಮತಗಳು

ಅಮೆರಿಕದ ಚುನಾವಣೆ ಮುಗಿದಿತ್ತು, ಗೆದ್ದವರು ಯಾರೆಂಬ ಜಗಳ ಮುಗಿದಿರಲಿಲ್ಲ. ಒಬ್ಬ ಮುದುಕ ತಾನು ಗೆದ್ದೆನೆಂದರೆ ಇನ್ನೊಬ್ಬ ಮುದುಕ ಎಣಿಕೆಯೇ ಮೋಸವೆನ್ನುತ್ತಿದ್ದ. ಟೋಕಿಯೋ ಪಕ್ಕದ ಇಚಿಕಾವಾದ ತನ್ನ ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ಜಾಹ್ನವಿಗೆ ಒಳಗೊಳಗೇ ಖುಷಿ. ಬೆಂಗಳೂರಿನ 'ಊರಗಲ' ಎಂಬ ಸುದ್ದಿತಾಣಕ್ಕೆ ಅವಳು ವಾರಕ್ಕೊಂದು ನಗೆಬರಹ ಬರೆಯುತ್ತಿದ್ದಳು. ಈ ವಾರ ಅದಕ್ಕೆ ವಿಷಯ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಮದುವೆಗೆ ಮುಂಚೆ ಅವಳು ಒಂದು ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದವಳು. ಗಂಡ ಕಿಶೋರನನ್ನು ಕಂಪನಿ ಜಪಾನಿಗೆ ಕಳಿಸಿದಾಗ ಕೆಲಸ ಬಿಟ್ಟು ಜೊತೆಗೆ ಬಂದಳು. ಆ ಪತ್ರಿಕೆಯಲ್ಲಿ ಅವಳ ಮೇಲಧಿಕಾರಿಯಾಗಿದ್ದ ಶ್ರೀಕಂಠ ಈಗ 'ಊರಗಲ'ದ ಸಂಪಾದಕ. ಅವರು ಕೇಳಿದ್ದರಿಂದಲೇ ಅಂಕಣ ಶುರುವಾದದ್ದು.

ಅಂದು ಅವಳು ಬರೆದದ್ದಿಷ್ಟು: ಮತ ಎಣಿಸಲು ಬಾರದ ಅಮೆರಿಕಕ್ಕೆ ಇಚಿಕಾವಾದ ಕಸದ ಅಜ್ಜಿಯರನ್ನು ಕಳಿಸಿಕೊಡಲು ಜಪಾನ್ ಒಪ್ಪಿದೆ. ಚೀಲದಲ್ಲಿ ಒಂದು ಬಾಟಲಿ ಮುಚ್ಚಳ ತಪ್ಪಿ ಬಿದ್ದಿದ್ದರೂ ಅದು ಯಾವ ಮನೆಯದೆಂದು ಹೇಳಬಲ್ಲ ಈ ಅಜ್ಜಿಯರು, ಅಮೆರಿಕದ ಮತಗಳನ್ನು ಸುಡುವ ಮತ, ಸುಡದ ಮತ, ಮರುಬಳಕೆಯ ಮತ ಎಂದು ವಿಂಗಡಿಸಿ, ಮಂಗಳವಾರ ಬೆಳಿಗ್ಗೆ ಲಾರಿ ಬರುವ ಮೊದಲೇ ಹೊರಗಿಡಲಿದ್ದಾರೆ. ತಪ್ಪು ಚೀಲ ಇಟ್ಟ ಅಭ್ಯರ್ಥಿಯ ಮನೆಗೆ ಕೆಂಪು ಚೀಟಿ ಅಂಟಿಸಲಾಗುವುದು.

ಜೊತೆಗೆ ಕೆಳಮನೆಯ ಅಜ್ಜಿ ಮೊರಿತಾ ಸಾನ್ ಅವರ ಫೋಟೋ ಇತ್ತು. ಕೈಗವಸು ತೊಟ್ಟು, ಪಾರದರ್ಶಕ ಚೀಲವೊಂದನ್ನು ಎತ್ತಿ ಹಿಡಿದು ನಗುತ್ತಿದ್ದರು. ಸುಡುವುದು, ಸುಡದ್ದು ಎಂದು ಮನೆಮನೆಯವರು ವಿಂಗಡಿಸಿಡಬೇಕಾದ ಆ ಕಟ್ಟಡದ ಕಸದ ಉಸ್ತುವಾರಿ ಅವರದೇ. ಫೋಟೋ ತೆಗೆಯುವಾಗ ಜಾಹ್ನವಿ, "ನಮ್ಮೂರ ಪೇಪರಿಗೆ, ಜಪಾನಿನ ಶುಚಿತ್ವದ ಬಗ್ಗೆ ಬರೀತಿದ್ದೀನಿ" ಎಂದಿದ್ದಳು. ಅದು ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಮಾರನೆಯ ದಿನ ನ್ಯೂಜೆರ್ಸಿಯಿಂದ ಕಿಶೋರನ ಅಣ್ಣ ಅಶೋಕನ ಫೋನು ಬಂತು.

"ಜಾಹ್ನವಿ, ನೀನು ಜಪಾನಲ್ಲೇ ಇದ್ದೀಯಲ್ಲ, ನಿಂಗೆ ಗೊತ್ತಿರ್ಬೇಕಲ್ಲಮ್ಮ ಇದು! ಲಿಂಕ್ ಕಳಿಸಿದೀನಿ ನೋಡು."

ನೋಡಿದಳು. 'ಊರಗಲ'ದ್ದೇ ಲಿಂಕು. 'ಕಸದಲ್ಲಿ ಅಮೆರಿಕದ ಮತಪತ್ರಗಳು: ಜಪಾನ್ ತಜ್ಞೆಯ ಸ್ಫೋಟಕ ಹೇಳಿಕೆ'. ಕೆಳಗೆ ಮೊರಿತಾ ಸಾನ್ ನಗುತ್ತಿದ್ದರು. ನಗೆಬರಹವೆಂಬ ಪಟ್ಟಿ ಮಾಯವಾಗಿತ್ತು. ನಗು ಬರುವ ಸಾಲುಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದಿದ್ದರು. ಅವಳ ಹೆಸರಿದ್ದ ಜಾಗದಲ್ಲಿ 'ಟೋಕಿಯೋ ಪ್ರತಿನಿಧಿ' ಎಂದಿತ್ತು.

"ಭಾವ, ಇದು ನಾನೇ ಬರೆದಿದ್ದು. ಜೋಕು ಇದು."

"ನೀನು ಜೋಕು ಅಂತಲೇ ಬರೆದಿರ್ತೀಯ. ಆಮೇಲೆ ನಿಜ ಅಂತ ಅವ್ರಿಗೆ ಗೊತ್ತಾಗಿದೆ. ಇಲ್ದಿದ್ರೆ ಯಾಕೆ ಹಾಕ್ತಾರೆ?"

"ಫೋಟೋದಲ್ಲಿರೋರು ನಮ್ಮ ಕೆಳಗಿನ ಮನೆ ಅಜ್ಜಿ, ಭಾವ. ಬಿಲ್ಡಿಂಗ್ ಕಸ ನೋಡ್ಕೋತಾರೆ."

"ನೋಡು ಮತ್ತೆ! ಕಸದಲ್ಲಿ ಸಿಕ್ತು ಅಂತ ತಾನೆ ಅವ್ರೂ ಬರೆದಿರೋದು?"

ಜಾಹ್ನವಿ ಫೋನಿಟ್ಟು ಶ್ರೀಕಂಠರಿಗೆ ಮಾಡಿದಳು. ಹಿಂದೆ ಇದೇ ಮನುಷ್ಯ, ಅಪಘಾತದಲ್ಲಿ ತೀರಿಕೊಂಡವನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತೆಂದು ಅವಳನ್ನು ಮಳೆಯಲ್ಲಿ ಆಸ್ಪತ್ರೆಗೆ ವಾಪಸ್ಸು ಓಡಿಸಿದ್ದರು. ಆ ಗೌರವಕ್ಕೇ ಅವಳು ಅವರಿಗೆ ಬರೆಯುತ್ತಿದ್ದದ್ದು.

"ಹಾಸ್ಯ ಅಂತ ಹಾಕಿದ್ರೆ ಯಾರಮ್ಮ ಕ್ಲಿಕ್ ಮಾಡ್ತಾರೆ?" ಎಂದರು ಶ್ರೀಕಂಠ. ಏನನ್ನೋ ಅಗಿಯುತ್ತಿದ್ದ ಪಚಪಚ ಸದ್ದು ಕೇಳುತ್ತಿತ್ತು. "ನಮ್ಮ ಸೈಟು ಹುಟ್ಟಿದಾಗಿಂದ ಇಷ್ಟು ಜನ ಓದಿರ್ಲಿಲ್ಲ. ಪಾರ್ಟ್ ಟೂ ಬರೀ."

"ಸರ್, ಇದು ಸುಳ್ಳು."

"ಬರೆದಾಗ ನಿಜ ಆಗಿತ್ತಾ?"

ಅವಳು ಫೋನಿಟ್ಟಳು. ಆ ಅಗಿಯುವ ಸದ್ದು ಮಾತ್ರ ಕಿವಿಯೊಳಗೆ ಅಂಟಿಕೊಂಡಿತ್ತು.

ಸಂಜೆ ಬಾಗಿಲ ಗಂಟೆಯ ಸದ್ದಾಯಿತು. ಮೊರಿತಾ ಸಾನ್ ನಿಂತಿದ್ದರು. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಾಗಿ, ತಮ್ಮ ಫೋನನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಯೋಕೋಹಾಮಾದಲ್ಲಿರುವ ಅವರ ಸೊಸೆ ಎಲ್ಲೋ ನೋಡಿ ಕಳಿಸಿದ್ದಳಂತೆ. ಚಿತ್ರದ ಮೇಲೆ ಕನ್ನಡ, ಅದರ ಮೇಲೆ ಇಂಗ್ಲಿಷು, ಅದರ ಮೇಲೆ ಯಾರೋ ಜಪಾನಿಯಲ್ಲೂ ಬರೆದಿದ್ದರು.

"ಜಾಹ್ನವಿ ಸಾನ್, ಇಲ್ಲಿ ನಿಮ್ಮ ಭಾಷೆಯಲ್ಲಿ ಏನು ಬರೆದಿದೆ?"

ಜಾಹ್ನವಿ ತನ್ನ ಮುರುಕು ಜಪಾನಿಯಲ್ಲಿ ಹೇಳಿದಳು. ಮೊದಲು ತನ್ನ ಜೋಕನ್ನು ಹೇಳಿ, ಆಮೇಲೆ ಅದು ಸುದ್ದಿಯಾದದ್ದನ್ನು ಹೇಳಬೇಕಾಗಿತ್ತು. ಸುಡುವ ಮತ, ಸುಡದ ಮತ ಎನ್ನುವಾಗ ಮೊರಿತಾ ಸಾನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬರೆಯುವಾಗ ತಾನೇ ಬಿದ್ದುಬಿದ್ದು ನಕ್ಕ ಸಾಲುಗಳು ಈಗ ಹಳಸಿದ ಸಾರಿನಂತೆ ನಾರುತ್ತಿದ್ದವು.

"ಶುಚಿತ್ವದ ಬಗ್ಗೆ ಅಂದಿದ್ದಿರಿ" ಎಂದರು ಮೊರಿತಾ ಸಾನ್.

"ಹೌದು. ತಪ್ಪಾಯಿತು."

"ನೀವು ಬರೆದದ್ದನ್ನು ಓದಿ ಜನ ನಕ್ಕಿದ್ದರೆ, ಯಾರನ್ನು ನೋಡಿ ನಗುತ್ತಿದ್ದರು?"

"ಅಮೆರಿಕವನ್ನು" ಎಂದಳು ಜಾಹ್ನವಿ. ಹೇಳುವಾಗಲೇ ಅದು ಅರ್ಧ ಮಾತೆಂದು ಇಬ್ಬರಿಗೂ ಗೊತ್ತಾಯಿತು.

ಮೊರಿತಾ ಸಾನ್ ಸಂಜೆ ಹೊತ್ತಿನಲ್ಲಿ ಬಂದು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಇನ್ನೊಮ್ಮೆ ಬಾಗಿ, ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಜಾಹ್ನವಿಗೆ ಸಮಾಧಾನವಾಗುತ್ತಿತ್ತು.

ಅವಳು ಮತ್ತೆ ಶ್ರೀಕಂಠರಿಗೆ ಫೋನು ಮಾಡಿದಳು. "ಆ ಫೋಟೋ ಈಗಲೇ ಹೋಗ್ಬೇಕು, ಲೇಖನಾನೂ ಹೋಗ್ಬೇಕು. ಇಲ್ದಿದ್ರೆ ನಾನೇ ಮೊರಿತಾ ಸಾನ್‌ನ ಲಾಯರ್ ಹತ್ರ ಕರ್ಕೊಂಡು ಹೋಗ್ತೀನಿ. ನಿಮ್ಮ ಹೆಸರು, ಅಡ್ರೆಸ್ ಎಲ್ಲ ಕೊಡ್ತೀನಿ."

"ಅಯ್ಯೋ, ಕೋರ್ಟು ಗೀರ್ಟು ಯಾಕಮ್ಮ, ತೆಗೆಸ್ತೀನಿ ಬಿಡು."

ಅಡಿಗೆ ಮುಗಿಸಿ ಬಂದು 'ಊರಗಲ' ತೆರೆದು ನೋಡಿದಳು. ಮೊರಿತಾ ಸಾನ್ ಹೋಗಿದ್ದರು. ಅವರ ಜಾಗದಲ್ಲಿ ಬೇರೊಬ್ಬ ಜಪಾನಿ ಅಜ್ಜಿ, ಅವಳ ಕೈಯಲ್ಲೂ ಕೈಗವಸು. ಹಿಂದೆ ಎಲೆಕೋಸಿನ ಬುಟ್ಟಿಗಳು. ಯಾವುದೋ ಊರಿನಲ್ಲಿ ತರಕಾರಿ ಆರಿಸುತ್ತಿದ್ದ ಯಾರದೋ ತಾಯಿ. ಸುದ್ದಿಯ ಒಂದಕ್ಷರವೂ ಬದಲಾಗಿರಲಿಲ್ಲ.

ಇನ್ನು ಬರೆಯುವುದಿಲ್ಲವೆಂದು ಜಾಹ್ನವಿ ಶ್ರೀಕಂಠರಿಗೆ ಎರಡು ಸಾಲು ಕಳಿಸಿದಳು. ಅವರು ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಉತ್ತರವಾಗಿ ಕಳಿಸಿದರು. ಫೇಸ್‌ಬುಕ್ಕಿನಲ್ಲಿ ಅವಳು ನಡೆದದ್ದನ್ನೆಲ್ಲ ಬರೆದು, ಮೂಲ ನಗೆಬರಹವನ್ನೂ ಹಾಕಿದಳು. ಸ್ವಲ್ಪ ಹೊತ್ತಿಗೆ ಉತ್ತರಗಳು ಬಂದವು. 'ಎಷ್ಟು ಕೊಟ್ರು ಮೇಡಂ?' ಎಂದು ಒಬ್ಬ. 'ಪಾಪ, ಹೆದರಿಸಿ ಬರೆಸಿದ್ದಾರೆ' ಎಂದು ಇನ್ನೊಬ್ಬಳು. ಹಳೆಯ ಸಹೋದ್ಯೋಗಿಯೊಬ್ಬಳು ಮಾತ್ರ, 'ಶ್ರೀಕಂಠ ಸರ್ ಹೀಗಾ?' ಎಂದು ಕೇಳಿದ್ದಳು.

ಕಿಶೋರ ಆಫೀಸಿನಿಂದ ಬಂದು ಊಟಕ್ಕೆ ಕೂತ. ಎಲ್ಲ ಕೇಳಿ, "ಬಿಡೇ, ನಾಲ್ಕು ದಿನ ಆದ್ರೆ ಎಲ್ರೂ ಮರೀತಾರೆ" ಎಂದ.

"ಮೊರಿತಾ ಸಾನ್ ಮರೀತಾರಾ?"

ಅವನು ಅನ್ನ ಕಲೆಸತೊಡಗಿದ. ಅಷ್ಟರಲ್ಲಿ ಅಶೋಕನ ಧ್ವನಿಸಂದೇಶ ಬಂತು. ಜಾಹ್ನವಿ ಗಂಡನಿಗೂ ಕೇಳಲೆಂದು ಜೋರಾಗಿ ಹಾಕಿದಳು.

"ನೋಡಮ್ಮ, ಈಗ ಇನ್ನೊಬ್ಬ ಹೆಂಗಸೂ ಧೈರ್ಯ ಮಾಡಿ ಮುಂದೆ ಬಂದಿದ್ದಾಳೆ. ಫೋಟೋ ಬಂದಿದೆ. ತರಕಾರಿ ಬುಟ್ಟೀಲಿ ಬಚ್ಚಿಟ್ಟಿದ್ರಂತೆ ಬ್ಯಾಲೆಟ್‌ನ. ಈಗಲೂ ಜೋಕು ಅಂತೀಯಾ?"

ಕಿಶೋರನಿಗೆ ತಡೆಯಲಾಗದೆ ನಗು ಉಕ್ಕಿತು, ತುತ್ತು ನೆತ್ತಿಗೇರಿತು. ಜಾಹ್ನವಿ ಅವನ ಮುಂದೆ ನೀರಿನ ಲೋಟ ಇಟ್ಟಳು. ಆಮೇಲೆ ಫೋನೆತ್ತಿಕೊಂಡು ಭಾವನ ನಂಬರನ್ನು ಬ್ಲಾಕ್ ಮಾಡಿದಳು.

"ಅಣ್ಣ ಕಣೇ ಅವ್ನು" ಎಂದ ಕಿಶೋರ, ಕೆಮ್ಮುತ್ತ.

"ಗೊತ್ತು" ಎಂದಳು.