ಸಾಹೇಬರ ಮುಂದೆ ಹೇಳುವ ಮಾತು

ಹೆಂಚಿನ ಕಾರ್ಖಾನೆಯ ಭಟ್ಟಿಯ ಗೋಡೆ ಕುಸಿದು ಫಕೀರವ್ವ ಸತ್ತಳು. ಎದೆನೋವಿನಿಂದ ಸತ್ತಳೆಂದು ಮಾಲಕರು ಬರೆಸಿದರು.

ಎಂಬತ್ತೊಂದರ ಚಳಿಗಾಲ. ಖಾನಾಪುರದ ಆ ಭಟ್ಟಿಯಲ್ಲಿ ಅವಳ ಜೊತೆ ಹೆಂಚು ಹೊರುತ್ತಿದ್ದವಳು ಕಾಶವ್ವ; ಅವಳ ಗಂಡನೂ ಅದೇ ಕಾರ್ಖಾನೆಯ ಅಂಗಳದಲ್ಲಿ ಮಣ್ಣು ತುಳಿಯುತ್ತಿದ್ದ. ಬೆಳಗಾವಿಯಲ್ಲಿ ಆ ಸಾವಿನ ವಿಚಾರಣೆ ನಡೆಸಲಿದ್ದ ಸರಕಾರಿ ಸಾಹೇಬರ ಮುಂದೆ ಮಾತಾಡಲು ಒಪ್ಪಿದವಳು ಅವಳೊಬ್ಬಳೇ.

ಬೆಳಗಾವಿಯ ಹಿಂದವಾಡಿಯಲ್ಲಿ ಓದುಗರ ಬಳಗ ನಡೆಸುತ್ತಿದ್ದ ಗುರುಪುತ್ರಪ್ಪ ಮಾಸ್ತರರು ಅವಳನ್ನು ತಮ್ಮ ಪಡಸಾಲೆಯಲ್ಲಿ ನಿಲ್ಲಿಸಿ ತಾಲೀಮು ಮಾಡಿಸಿದರು. ಕಾಶವ್ವ ಸೆರಗೆಳೆದುಕೊಂಡು ಕಂಬದತ್ತ ತಿರುಗಿದಳು. ಹಿರಿಯರೆದುರು ಹೆಂಗಸರು ಕಂಬಕ್ಕೋ ಗೋಡೆಗೋ ಹೇಳಿದಂತೆ ಮಾತಾಡುವುದು ಅವಳ ಮನೆಯ ರೂಢಿ.

“ಕಂಬ ಏನ ತೀರ್ಪ ಕೊಡತೈತೇನ, ತಂಗಿ? ಸಾಹೇಬ್ರ ಮಾರಿ ನೋಡಿ ಹೇಳು. ಅವರಿಗೆ ಅಳೂದು ಬ್ಯಾಡ, ನೀ ಕಂಡದ್ದಷ್ಟ ಬೇಕು.”

“ಮುಂದಿನ ಸಾಲಿನ್ಯಾಗ ಮಾಲಕರೂ ಕುಂತಿರ್ತಾರಲ್ರಿ?”

“ಕುಂತಿರ್ತಾರ.”

ಅವಳು ಮತ್ತೆ ಕಂಬದತ್ತ ತಿರುಗಿದಳು.

ಅಂಜಿಕೆ ಬಿಡಲೆಂದು ಮಾಸ್ತರರು ರವಿವಾರ ಖಾನಾಪುರಕ್ಕೇ ಹೋಗಿ, ಹೆಂಚು ಹೊರುವ ಹೆಂಗಸರನ್ನು ಕೂಡಿಸಿ, ಅವರೆದುರು ಹೇಳಿಸಿದರು. “ಗ್ವಾಡಿ ಬಿರುಕ ಬಿಟ್ಟೈತಿ ಅಂತ ಮಾಲಕರಿಗೆ ಮೊದಲ ಹೇಳಿದ್ವಿ” ಎಂದಾಗ ಎಲ್ಲರೂ ನೆಲ ನೋಡಿದರು. ಹಾಗೆ ಕೂಡಿಸಿದ್ದೇ ತಪ್ಪಾಯಿತು. ಸಂಜೆಯೊಳಗೆ ಆ ಮಾತು ಮಾಲಕರ ಮನೆ ಮುಟ್ಟಿತ್ತು.

ವಿಚಾರಣೆಯ ಹಿಂದಿನ ದಿನ ಕಾಶವ್ವ ಹಿಂದವಾಡಿಗೆ ಬಂದಿದ್ದಳು. ಬೆನ್ನಿಗೇ ಕಾರ್ಖಾನೆಯ ಕೂಲಿಗಳ ಮೇಲೆ ನಿಗಾ ಇಡುವ ಮುಕಾದಮ ದುಂಡಪ್ಪ ಬಂದ. ಚಪ್ಪಲಿ ಬಿಡದೆ ಪಡಸಾಲೆಗೆ ಕಾಲಿಟ್ಟ.

“ಭಾಷಣಾ ಭಾಳ ಚೊಲೊ ಕಲಿಸೀರಂತಲ್ರಿ ಮಾಸ್ತರ. ಸಾಲಿ ನೌಕರಿ ಬ್ಯಾಸರ ಬಂತೇನ?” ನಗುತ್ತಲೇ ಕಾಶವ್ವನತ್ತ ತಿರುಗಿದ. “ನಿನ್ನ ಗಂಡನ್ನ ನಾಳಿಂದ ಭಟ್ಟಿ ಒಳಗ ಹಾಕೇವಿ. ಆ ಉಳದ ಗ್ವಾಡಿ ಬಾಜೂಕ. ನೆನಪಿರ್ಲಿ ಯವ್ವಾ.”

ಅಷ್ಟು ಹೇಳಿ ಹೋದ.

ಮಾಸ್ತರರು ಎದ್ದು ಬೀದಿಬಾಗಿಲು ಮುಚ್ಚಿ ಅಗಳಿ ಹಾಕಿದರು. ಅವಳ ಮುಖ ನೋಡದೆ ಹೇಳಿದರು.

“ಸಭಾ ನೋಡಿ ಮಾತಾಡಬೇಕ, ಕಾಶವ್ವಾ. ಆ ಬಿರುಕಿನ ಮಾತೊಂದ ಬಿಟ್ಟಬಿಡು. ಗ್ವಾಡಿ ಬಿತ್ತು, ಫಕೀರವ್ವ ಸತ್ಲು, ಅಷ್ಟ ಅನ್ನು. ಮಾಲಕರಿಗೂ ಸಿಟ್ಟ ಬರಂಗಿಲ್ಲ.”

ಕಾಶವ್ವ ಮಾಸ್ತರರ ಮುಖ ನೋಡಿದಳು. ಮಾತು ನಿಧಾನವಾಗಿ ಬಂತು.

“ಉಳದ ಗ್ವಾಡ್ಯಾಗ ಬಿರುಕ ಇನ್ನೂ ಹಂಗ ಐತ್ರಿ. ನಾಳೆ ಅದರ ಬುಡಕ್ಕ ನನ್ನ ಗಂಡ ನಿಲ್ಲತಾನ. ಆ ಮಾತ ನಾ ಬಿಡಂಗಿಲ್ರಿ.”